‘2 = 1 ಎಂದು ಗಣಿತವೇ ಸಾಬೀತು ಮಾಡಿದೆ’ ಎಂಬ ಫಾರ್ವರ್ಡ್ ನಿಜವೇ? ವರ್ಗದ ಲೆಕ್ಕದಲ್ಲಿ ನಾವೆಲ್ಲ ಎಡವುವ ಜಾಗಗಳು

ನಿಮ್ಮ ಗ್ರೂಪಿಗೂ ಇದು ಬಂದಿರಬಹುದು. ಆರು ಸಾಲಿನ ಲೆಕ್ಕ, ಕೊನೆಯಲ್ಲಿ 2 = 1 ಎಂಬ ಉತ್ತರ, ಕೆಳಗೆ ‘ತಪ್ಪು ಹುಡುಕಿದವರು ಜೀನಿಯಸ್, 99% ಜನರಿಗೆ ಆಗಲ್ಲ’ ಎಂಬ ಸವಾಲು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಗಣಿತವೂ ಸುಳ್ಳು ಹೇಳುತ್ತದೆ’ ಎಂದು ಸೇರಿಸಿ ಕಳಿಸುತ್ತಾರೆ.

ನೇರವಾಗಿ ಹೇಳುವುದಾದರೆ ಫಾರ್ವರ್ಡ್ ತಪ್ಪು. ಆದರೆ ತಪ್ಪು ಇರುವ ಜಾಗ ಗೊತ್ತಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅಂಕ ಉಳಿಯುತ್ತದೆ. ಜಮೀನು, ಪೈಪು, ಟೈಲ್ಸ್ ಕೊಳ್ಳುವಾಗ ದುಡ್ಡೂ ಉಳಿಯುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಓದುವ ಮೊದಲು ಒಂದು ಮಾತು. ಶಾಲೆಯ ಪುಸ್ತಕದಲ್ಲಿ ಎ, ಬಿ, ಎಕ್ಸ್ ಎಂದು ಇಂಗ್ಲಿಷ್ ಅಕ್ಷರ ಬರುವ ಕಡೆ ಇಲ್ಲಿ ಅ, ಬ, ಯ ಎಂದು ಬರೆದಿದ್ದೇವೆ. ಇದು ಹೊಸ ಪದ್ಧತಿಯೇನಲ್ಲ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ (ಎಷ್ಟೋ ಅಷ್ಟು) ಎಂದು ಕರೆದು, ಚಿಕ್ಕದಾಗಿ ‘ಯಾ’ ಎಂದು ಬರೆಯುತ್ತಿದ್ದರು. ಅದರ ವರ್ಗಕ್ಕೆ ‘ಯಾವ’. ಎರಡನೆಯ ಗೊತ್ತಿಲ್ಲದ ಸಂಖ್ಯೆ ಬಂದರೆ ‘ಕಾ’, ಅಂದರೆ ಕಾಲಕ, ಕಪ್ಪು. ಆಮೇಲೆ ‘ನೀ’, ನೀಲಕ. ಹೀಗೆ ಬಣ್ಣಗಳ ಹೆಸರಿನಲ್ಲಿ ಪಟ್ಟಿ ಮುಂದುವರಿಯುತ್ತಿತ್ತು. ಬೀಜಗಣಿತ ಎಂದರೆ ಇಂಗ್ಲಿಷ್ ಅಕ್ಷರಗಳ ಕಾಟ ಎಂದುಕೊಂಡವರಿಗೆ ಇದು ತಿಳಿದಿರಲಿ.

ಫಾರ್ವರ್ಡ್ ಹೇಳುವುದೇನು?

ಅ = ಬ ಎಂದುಕೊಳ್ಳಿ.
ಎರಡೂ ಕಡೆ ಅ ಇಂದ ಗುಣಿಸಿ: ಅ² = ಅಬ
ಎರಡೂ ಕಡೆ ಬ² ಕಳೆಯಿರಿ: ಅ² − ಬ² = ಅಬ − ಬ²
ಅಪವರ್ತಿಸಿ: (ಅ + ಬ)(ಅ − ಬ) = ಬ(ಅ − ಬ)
ಎರಡೂ ಕಡೆ ಇರುವ (ಅ − ಬ) ಹೊಡೆದುಹಾಕಿ: ಅ + ಬ = ಬ
ಅ ಮತ್ತು ಬ ಒಂದೇ ಆದ್ದರಿಂದ 2ಬ = ಬ, ಅಂದರೆ 2 = 1.

ಮೊದಲ ನಾಲ್ಕು ಸಾಲಿನಲ್ಲಿ ಏನೂ ತಪ್ಪಿಲ್ಲ. ಅ² − ಬ² ಅನ್ನು (ಅ + ಬ)(ಅ − ಬ) ಎಂದು ಬಿಡಿಸುವುದು ಶಾಲೆಯಲ್ಲಿ ಕಲಿಸುವ ನಿತ್ಯಸಮೀಕರಣವೇ.

ಈಗ ಅಕ್ಷರ ಬಿಟ್ಟು ಸಂಖ್ಯೆ ಹಾಕಿ ನೋಡಿ. ಅ = 5, ಬ = 5. ನಾಲ್ಕನೆಯ ಸಾಲು 10 × 0 = 5 × 0 ಎಂದಾಗುತ್ತದೆ. ಎರಡೂ ಕಡೆ ಸೊನ್ನೆ, ಸರಿ. ಐದನೆಯ ಸಾಲು 10 = 5 ಎನ್ನುತ್ತದೆ. ಮೋಸ ಆಗಿದ್ದು ಈ ಎರಡು ಸಾಲುಗಳ ನಡುವೆ. ‘ಹೊಡೆದುಹಾಕಿ’ ಎಂದರೆ ‘ಭಾಗಿಸಿ’ ಎಂದೇ ಅರ್ಥ. (ಅ − ಬ) ಎಂದು ಅಕ್ಷರದ ಮುಸುಕು ಹಾಕಿ ಕೂತಿದ್ದುದು ಸೊನ್ನೆ. ನಮ್ಮಿಂದ ಸೊನ್ನೆಯಿಂದ ಭಾಗ ಮಾಡಿಸಿದ್ದಾರೆ.

ಸೊನ್ನೆಯಿಂದ ಯಾಕೆ ಭಾಗಿಸಬಾರದು? 12 ಅನ್ನು 3ರಿಂದ ಭಾಗಿಸಿದರೆ 4 ಎನ್ನುತ್ತೇವೆ, ಯಾಕೆಂದರೆ 4 × 3 = 12. ಹಾಗೆಯೇ 12 ಅನ್ನು 0ಯಿಂದ ಭಾಗಿಸಬೇಕಾದರೆ ಸೊನ್ನೆಯಿಂದ ಗುಣಿಸಿದಾಗ 12 ಬರುವ ಸಂಖ್ಯೆಯೊಂದು ಬೇಕು. ಅಂಥದ್ದು ಇಲ್ಲ. ಇನ್ನು 0 ಅನ್ನು 0ಯಿಂದ ಭಾಗಿಸಲು ಹೋದರೆ ಉಲ್ಟಾ ತೊಂದರೆ: 10 ಹಾಕಿದರೂ ಸರಿ, 5 ಹಾಕಿದರೂ ಸರಿ, ಎಲ್ಲ ಸಂಖ್ಯೆಯೂ ಉತ್ತರವೇ. ಒಂದು ಉತ್ತರ ಇಲ್ಲದ ಕಡೆ ‘ಉತ್ತರ ಇದೇ’ ಎಂದು ಹಿಡಿದುಕೊಂಡರೆ 10 ಮತ್ತು 5 ಒಂದೇ ಎನ್ನುವಲ್ಲಿಗೆ ಬಂದು ನಿಲ್ಲುತ್ತೇವೆ. ಫಾರ್ವರ್ಡ್ ಮಾಡಿದ್ದು ಇದನ್ನೇ.

ಇದರಲ್ಲಿ ಎಡವಿದರೆ ನಾಚಿಕೆ ಬೇಡ. ದೊಡ್ಡವರೂ ಇಲ್ಲಿ ತಡವರಿಸಿದ್ದಾರೆ. ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯ ನಿಯಮಗಳನ್ನು ಬರೆದಾಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ. ನಮ್ಮ ನಾಡಿನ ಮಹಾವೀರಾಚಾರ್ಯ, ಕವಿರಾಜಮಾರ್ಗದಿಂದ ನಮಗೆಲ್ಲ ಪರಿಚಿತನಾದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನು, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದಿದ್ದಾನೆ. ಇದು ಸರಿಯಲ್ಲ. 1150ರಲ್ಲಿ ಎರಡನೆಯ ಭಾಸ್ಕರಾಚಾರ್ಯ ಅದಕ್ಕೆ ‘ಖಹರ’ ಎಂದು ಬೇರೆಯೇ ಹೆಸರಿಟ್ಟು, ಅದು ಕೊನೆಯಿಲ್ಲದ ರಾಶಿ ಎಂದ. ‘ನಮ್ಮ ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು’ ಎನ್ನುವ ಫಾರ್ವರ್ಡಿಗಿಂತ, ಐದು ನೂರು ವರ್ಷ ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದು ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತ ಬಂದ ಈ ನಿಜ ಸಂಗತಿಯೇ ಹೆಚ್ಚು ಹೆಮ್ಮೆಯದು ಎಂದು ನಮಗನ್ನಿಸುತ್ತದೆ.

ಅ² ಎಂದರೆ 2ಅ ಅಲ್ಲ

ಬೀಜಗಣಿತದಲ್ಲಿ ಅತಿ ಹೆಚ್ಚು ಅಂಕ ನುಂಗುವ ತಪ್ಪು ಬಹುಶಃ ಇದೇ. ಅ² ಎಂದರೆ ಅ × ಅ. 2ಅ ಎಂದರೆ ಅ + ಅ. ಅ = 3 ಆದರೆ ಮೊದಲನೆಯದು 9, ಎರಡನೆಯದು 6. ಗೊಂದಲ ಹುಟ್ಟುವುದಕ್ಕೆ ಒಂದು ಕಾರಣವೂ ಇದೆ. ಅ = 2 ಹಾಕಿ ಪರೀಕ್ಷಿಸಿದರೆ ಎರಡೂ 4 ಬರುತ್ತದೆ! ಅ = 0 ಹಾಕಿದರೂ ಎರಡೂ ಸೊನ್ನೆ. ಹಾಗಾಗಿ ಯಾವುದೇ ಸೂತ್ರ ಸರಿಯೋ ಎಂದು ಸಂಖ್ಯೆ ಹಾಕಿ ನೋಡುವಾಗ 0, 1, 2 ಬಿಟ್ಟುಬಿಡಿ. 3, 5, 7 ಇಂಥವನ್ನು ಹಾಕಿ.

ವರ್ಗ ಎಂದರೇನು ಎಂಬುದಕ್ಕೆ ರೈತರಿಗೆ ಬೇರೆ ಉದಾಹರಣೆಯೇ ಬೇಡ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 33² = 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ: 43,560 ಚದರ ಅಡಿ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತಲ್ಲ, ಹಾಗಾಗಿ ಸಿರುಗುಪ್ಪ, ತೆಕ್ಕಲಕೋಟೆ ಕಡೆ ಸೆಂಟಿನ ಲೆಕ್ಕವೂ ಕಿವಿಗೆ ಬೀಳುತ್ತದೆ. ಎಕರೆಯ ನೂರನೇ ಒಂದು ಭಾಗ ಸೆಂಟು, ಅಂದರೆ 435.6 ಚದರ ಅಡಿ. ಒಂದು ಗುಂಟೆಗೆ ಎರಡೂವರೆ ಸೆಂಟು.

ಬದಿ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತದೆ, ಯಾಕೆಂದರೆ (2ಅ)² = 4ಅ². ಇಲ್ಲಿ ಆವರಣದ ಒಳಗಿನ 2ಕ್ಕೂ ವರ್ಗ ತಗಲುತ್ತದೆ. 2ಅ² ಎಂದು ಬರೆದರೆ ಅ ಮಾತ್ರ ವರ್ಗವಾಗುತ್ತದೆ. 30 × 40ರ ನಿವೇಶನ 1,200 ಚದರ ಅಡಿ. 60 × 80 ಎಂದರೆ ‘ಡಬಲ್ ಸೈಟ್’ ಅಲ್ಲ, 4,800 ಚದರ ಅಡಿ, ನಾಲ್ಕು ಸೈಟು. ದುಂಡಗಿನ ಜಾಗಕ್ಕೂ ಇದೇ ನಿಯಮ. ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜ ರಾವ್ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ದುಂಡು ಗುಡಿಸಲುಗಳ ನೆಲ ಸಿಕ್ಕಿತ್ತು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಆ ಬಂಡೆಗಳ ನಡುವೆ ಯಾರಾದರೂ ಗುಡಿಸಲಿನ ಅಡ್ಡಳತೆಯನ್ನು ಎರಡು ಪಟ್ಟು ಮಾಡಿಕೊಂಡಿದ್ದರೆ, ಒಳಗೆ ನಾಲ್ಕು ಪಟ್ಟು ಜನ ಮಲಗಬಹುದಿತ್ತು.

ಸುಲಭೀಕರಿಸುವುದು ಎಂದರೆ ಇಷ್ಟೇ

3ಯ² + 5ಯ + 2ಯ² − ಯ ಎಂಬ ಬೀಜೋಕ್ತಿ ಕೊಟ್ಟಿದ್ದಾರೆ ಎನ್ನಿ. ಇದನ್ನು 9ಯ³ ಎಂದೋ 9ಯ² ಎಂದೋ ಒಟ್ಟಿಗೆ ಕಲಸಿಬಿಡುವವರು ಬಹಳ. ಯ ಅಡಿಯಾದರೆ ಯ² ಚದರ ಅಡಿ. ‘ಐದು ಚದರ ಅಡಿ ಟೈಲ್ಸ್ ಜೊತೆ ನಾಲ್ಕು ಅಡಿ ದಾರ ಕೂಡಿಸಿದರೆ ಎಷ್ಟು’ ಎಂದು ಯಾರೂ ಕೇಳುವುದಿಲ್ಲ. ಚದರ ಅಡಿಯನ್ನು ಚದರ ಅಡಿಗೆ, ಅಡಿಯನ್ನು ಅಡಿಗೆ ಸೇರಿಸಿ: 5ಯ² + 4ಯ. ಅಲ್ಲಿಗೆ ಮುಗಿಯಿತು, ಮುಂದೆ ಕೂಡಿಸಲು ಏನೂ ಇಲ್ಲ. ಬೇಕಾದರೆ ಯ ಹೊರಗೆ ತೆಗೆದು ಯ(5ಯ + 4) ಎಂದು ಬರೆಯಬಹುದು. ಯ = 3 ಹಾಕಿ ನೋಡಿ: ಮೊದಲಿನ ರೂಪದಲ್ಲಿ 27 + 15 + 18 − 3 = 57, ಸುಲಭೀಕರಿಸಿದ ರೂಪದಲ್ಲಿ 45 + 12 = 57.

ಗುಣಾಕಾರವಾದರೆ ಬೇರೆ ಜಾತಿಯವೂ ಸೇರುತ್ತವೆ. 3ಯ × 2ಯ = 6ಯ², 3ಯ² × 2ಯ = 6ಯ³. ಕೂಡಿಸುವಾಗ ಜಾತಿ ನೋಡಬೇಕು, ಗುಣಿಸುವಾಗ ಬೇಕಿಲ್ಲ.

ಋಣ ಚಿಹ್ನೆಯ ವಿಷಯದಲ್ಲಿ ಫೋನು, ಕಂಪ್ಯೂಟರುಗಳೇ ಜಗಳವಾಡುತ್ತವೆ. (−3)² ಎಂದರೆ −3 × −3 = 9. ಆವರಣ ಇಲ್ಲದೆ −3² ಎಂದು ಬರೆದರೆ ಗಣಿತದ ರೂಢಿಯಂತೆ ಮೊದಲು 3ರ ವರ್ಗ, ಆಮೇಲೆ ಋಣ ಚಿಹ್ನೆ: −9. ಗೂಗಲ್‌ನಲ್ಲಿ −3^2 ಎಂದು ಹಾಕಿದರೆ −9 ಬರುತ್ತದೆ. ಎಕ್ಸೆಲ್‌ನಲ್ಲಿ =−3^2 ಎಂದು ಹಾಕಿದರೆ 9. ಎಕ್ಸೆಲ್ ಕೆಟ್ಟಿಲ್ಲ, ಅದನ್ನು ಮಾಡಿದವರು ಇಟ್ಟುಕೊಂಡ ನಿಯಮವೇ ಬೇರೆ. ಆವರಣ ಹಾಕಿದರೆ ಎರಡೂ ಕಡೆ ಒಂದೇ ಉತ್ತರ. ಗ್ರೂಪುಗಳಲ್ಲಿ ಆಗಾಗ ಜಗಳ ಹಚ್ಚುವ 8 ÷ 2(2 + 2) ಎಂಬ ಪ್ರಶ್ನೆಯೂ ಈ ಸಾಲಿನದೇ. 16 ಎನ್ನುವವರೂ 1 ಎನ್ನುವವರೂ ಬೇರೆ ಬೇರೆ ರೂಢಿ ಹಿಡಿದವರು. ಅಲ್ಲಿ ಪ್ರಶ್ನೆ ಬರೆದ ರೀತಿಯೇ ಸರಿಯಿಲ್ಲ, ಅದಕ್ಕಾಗಿ ಸ್ನೇಹ ಕಳೆದುಕೊಳ್ಳಬೇಡಿ.

‘ಎಕ್ಸ್‌ಟ್ರಾ’ 2ಅಬ ಎಲ್ಲಿಂದ ಬರುತ್ತದೆ?

(ಅ + ಬ)² = ಅ² + 2ಅಬ + ಬ². ಈ ‘ಹೆಚ್ಚುವರಿ’ 2ಅಬ ಮೇಲೆ ಭಾಷಣ, ವಿಡಿಯೊ, ಮೀಮ್‌ಗಳು ಬೇಕಾದಷ್ಟು ಓಡಾಡಿವೆ. ಅದು ಎಲ್ಲಿಂದಲೋ ಉದುರಿದ್ದಲ್ಲ, ಅದಕ್ಕೊಂದು ಜಾಗವಿದೆ. ನೆಲದ ಮೇಲೆಯೇ ತೋರಿಸಬಹುದು.

20 ಅಡಿ ಚೌಕದ ಕಣವಿದೆ ಎನ್ನಿ. ಭತ್ತ ಒಣಗಿಸಲು ಸಾಲದು ಎಂದು ಎರಡು ಪಕ್ಕದಲ್ಲಿ 5 ಅಡಿ ಬೆಳೆಸಿ 25 ಅಡಿ ಚೌಕ ಮಾಡುತ್ತೀರಿ. ಕಾಂಕ್ರೀಟ್ ಲೆಕ್ಕಕ್ಕೆ 20² + 5² = 425 ಚದರ ಅಡಿ ಎಂದು ಹಿಡಿದರೆ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ. ನಿಜವಾದ ಲೆಕ್ಕ 25² = 625. ಕೊರತೆ 200. ಅದು ಯಾವುದು? ಹಳೆಯ ಕಣದ ಬಲಕ್ಕೆ 20 × 5ರ ಒಂದು ಪಟ್ಟಿ, ಮೇಲಕ್ಕೆ 20 × 5ರ ಇನ್ನೊಂದು ಪಟ್ಟಿ. ಎರಡೂ ಸೇರಿ 200. ಇದೇ 2ಅಬ. ಮೂಲೆಯಲ್ಲಿ ಉಳಿದ 5 × 5ರ ಚಿಕ್ಕ ಚೌಕ ಬ². ಒಂದು ಕಾಗದದಲ್ಲಿ ಗೆರೆ ಎಳೆದು ಮಕ್ಕಳಿಗೆ ತೋರಿಸಿ. ಸೂತ್ರವನ್ನು ಬಾಯಿಪಾಠ ಮಾಡಿಸುವ ಕಷ್ಟ ತಪ್ಪುತ್ತದೆ. (ಅ − ಬ)² ಬಂದಾಗ ಮಾತ್ರ ಎರಡು ಪಟ್ಟಿ ಕಳೆಯಬೇಕು. ಕಳೆಯುವಾಗ ಮೂಲೆಯ ಚೌಕ ಎರಡು ಸಲ ಹೋಗಿರುತ್ತದೆ, ಅದನ್ನು ಒಂದು ಸಲ ವಾಪಸ್ ಕೊಡಬೇಕು: ಅ² − 2ಅಬ + ಬ².

ಪೈಪಿನ ವಿಷಯದಲ್ಲಿ ಈ ತಪ್ಪು ಹೆಚ್ಚು ದುಬಾರಿ. ‘ಎರಡು ಇಂಚಿನ ಎರಡು ಪೈಪು ಹಾಕಿದರೆ ನಾಲ್ಕು ಇಂಚಿನ ಒಂದಕ್ಕೆ ಸಮ’ ಎಂಬ ಮಾತು ಕಾಲುವೆ ಬಯಲಿನಲ್ಲೂ ಬೋರ್‌ವೆಲ್ ಹೊಲದಲ್ಲೂ ಕೇಳುತ್ತೇವೆ. ಪೈಪಿನ ಬಾಯಿಯ ವಿಸ್ತೀರ್ಣ ಅದರ ಒಳವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 2² = 4, 4² = 16. ಬಾಯಿಯ ಲೆಕ್ಕದಲ್ಲೇ ಎರಡು ಇಂಚಿನ ನಾಲ್ಕು ಪೈಪು ಬೇಕು. ಸಣ್ಣ ಪೈಪಿನಲ್ಲಿ ಗೋಡೆಗೆ ತಿಕ್ಕುವ ನೀರಿನ ಪಾಲು ಹೆಚ್ಚಾದ್ದರಿಂದ ನಾಲ್ಕಿದ್ದರೂ ಅಷ್ಟೇ ಒತ್ತಡದಲ್ಲಿ ಅಷ್ಟು ನೀರು ಬರುವುದಿಲ್ಲ. ಮೂರು ಇಂಚಿನದೊಂದು, ನಾಲ್ಕು ಇಂಚಿನದೊಂದು ಸೇರಿದರೆ ಏಳು ಇಂಚು ಎಂದುಕೊಳ್ಳುವುದೂ ತಪ್ಪು. 9 + 16 = 25, ಅಂದರೆ ಐದು ಇಂಚಿನ ಒಂದಕ್ಕೆ ಸಮ. ಏಳು ಇಂಚಿನದಾಗಿದ್ದರೆ 49 ಆಗಬೇಕಿತ್ತು. ಕಾಣೆಯಾದ 24 ಯಾವುದು ಎಂದು ನೀವೇ ಹೇಳಬಲ್ಲಿರಿ: 2 × 3 × 4.

ಇದೇ ಸೂತ್ರದಿಂದ ಬಾಯಿಲೆಕ್ಕವೂ ಚುರುಕಾಗುತ್ತದೆ. 103² ಬೇಕೆ? 10,000 + 600 + 9 = 10,609. 98² ಬೇಕೆ? 10,000 − 400 + 4 = 9,604. 5ರಲ್ಲಿ ಕೊನೆಯಾಗುವ ಸಂಖ್ಯೆಗೆ, ಉದಾಹರಣೆಗೆ 45ಕ್ಕೆ, 4 × 5 = 20 ಬರೆದು ಮುಂದೆ 25 ಅಂಟಿಸಿ: 2,025. ಈ ಉಪಾಯ ‘ವೇದದಲ್ಲಿ ಹೇಳಿದ್ದು’ ಎಂಬ ಫಾರ್ವರ್ಡ್ ನೋಡಿರುತ್ತೀರಿ. ಇದು ಜನಪ್ರಿಯವಾದದ್ದು ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರು ಬರೆದ, ಅವರು ತೀರಿಕೊಂಡ ಮೇಲೆ 1965ರಲ್ಲಿ ಅಚ್ಚಾದ ‘ವೈದಿಕ ಗಣಿತ’ ಪುಸ್ತಕದಿಂದ. ಅದರ ಸೂತ್ರಗಳು ಅಥರ್ವವೇದದ ನಮಗೆ ತಿಳಿದಿರುವ ಪರಿಶಿಷ್ಟಗಳಲ್ಲಿ ಇಲ್ಲ ಎಂಬುದನ್ನು ಆ ಪುಸ್ತಕದ ಸಂಪಾದಕರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಉಪಾಯ ಸರಿಯಾಗಿಯೇ ಇದೆ, ಬಳಸಿ. ಅದು ನಡೆಯುವುದು ಬೀಜಗಣಿತದಿಂದ: (10ನ + 5)² = 100ನ² + 100ನ + 25 = 100ನ(ನ + 1) + 25.

ಸುತ್ತಳತೆ ಒಂದೇ ಆದರೆ ಜಾಗವೂ ಒಂದೇ?

ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳುವಾಗ, ಹೊಲ ಅದಲುಬದಲು ಮಾಡುವಾಗ ಈ ಮಾತು ಬರುತ್ತದೆ: ‘ಸುತ್ತ ಅಳದ್ರ ಎರಡೂ ನಾನೂರು ಅಡಿನೇ ಐತಿ, ಬಿಡಣ್ಣ, ಒಂದೇ.’ ಬಿಡಬೇಡಿ.

100 × 100ರ ತುಂಡಿನ ಸುತ್ತಳತೆ 400 ಅಡಿ, ಜಾಗ 10,000 ಚದರ ಅಡಿ. 140 × 60ರ ತುಂಡಿನ ಸುತ್ತಳತೆಯೂ 400 ಅಡಿ. ಜಾಗ 8,400. ಬೇಲಿ ಅಷ್ಟೇ ತಂತಿ ತಿನ್ನುತ್ತದೆ, ನೆಲ 1,600 ಚದರ ಅಡಿ ಕಡಿಮೆ. ಅಂದರೆ ಹೆಚ್ಚುಕಡಿಮೆ ಒಂದೂವರೆ ಗುಂಟೆ, 30 × 40ರ ಒಂದು ನಿವೇಶನಕ್ಕಿಂತ ಜಾಸ್ತಿ.

ಈ 1,600 ಎಲ್ಲಿಂದ ಬಂತೆಂದರೆ, 140 = 100 + 40 ಮತ್ತು 60 = 100 − 40. (100 + 40)(100 − 40) = 100² − 40². ಕಳೆದುಹೋದದ್ದು 40ರ ವರ್ಗ. 2 = 1 ಫಾರ್ವರ್ಡಿನ ನಾಲ್ಕನೆಯ ಸಾಲಿನಲ್ಲಿ ಬಳಸಿದ ನಿತ್ಯಸಮೀಕರಣವೇ ಇದು. ಚೌಕದಿಂದ ಎಷ್ಟು ಅಡಿ ಆಚೀಚೆ ಎಳೆಯುತ್ತೀರೋ ಅದರ ವರ್ಗದಷ್ಟು ಜಾಗ ಹೋಗುತ್ತದೆ. ಹತ್ತು ಅಡಿ ಎಳೆದರೆ ನಷ್ಟ ಬರೀ 100 ಚದರ ಅಡಿ, ಕಣ್ಣಿಗೆ ಬೀಳುವುದಿಲ್ಲ. ತೊಂಬತ್ತೊಂಬತ್ತು ಅಡಿ ಎಳೆದರೆ 199 × 1, ಒಂದು ಬದುವಿನಷ್ಟು ನೆಲ ಕೈಯಲ್ಲಿ ಉಳಿಯುತ್ತದೆ, ಸುತ್ತಳತೆ ಆಗಲೂ ನಾನೂರೇ. ಹಂಚಿಕೊಳ್ಳುವಾಗ ಸುತ್ತಳತೆ ಅಲ್ಲ, ಚದರ ಅಡಿ ಕೇಳಿ.

ಬಿಡಿಸುವುದು ಹೇಗೆ?

ಇಲ್ಲಿಯವರೆಗೆ ಸುಲಭೀಕರಿಸಿದ್ದಾಯಿತು. ಈಗ ಯ ಎಷ್ಟು ಎಂದು ಹುಡುಕುವ ಕೆಲಸ.

ಒಂದು ನಿವೇಶನದ ಉದ್ದ ಅಗಲಕ್ಕಿಂತ 10 ಅಡಿ ಹೆಚ್ಚು, ವಿಸ್ತೀರ್ಣ 1,200 ಚದರ ಅಡಿ. ಅಗಲ ಎಷ್ಟು? ಅಗಲ ಯ ಎಂದರೆ ಉದ್ದ ಯ + 10. ಯ(ಯ + 10) = 1200, ಅಂದರೆ ಯ² + 10ಯ = 1200. ಉತ್ತರ 30 ಎಂದು ನೀವು ಆಗಲೇ ಊಹಿಸಿರುತ್ತೀರಿ, ಆದರೂ ದಾರಿ ನೋಡಿ. ಊಹೆ ಕೈಕೊಡುವ ಕಡೆಯೂ ದಾರಿ ಕೈಕೊಡುವುದಿಲ್ಲ.

ಯ ಅಡಿಯ ಚೌಕ ಬರೆಯಿರಿ. 10ಯ ಎಂಬ ಪಟ್ಟಿಯನ್ನು ಉದ್ದಕ್ಕೆ ಸೀಳಿ ಎರಡು 5ಯ ಮಾಡಿ, ಒಂದನ್ನು ಬಲಕ್ಕೆ, ಒಂದನ್ನು ಮೇಲಕ್ಕೆ ಅಂಟಿಸಿ. ಕಣದ ಚಿತ್ರವೇ ಮತ್ತೆ ಬಂತು, ಮೂಲೆಯಲ್ಲಿ 5 × 5ರ ಚೌಕ ಮಾತ್ರ ಖಾಲಿ. ಅದನ್ನು ತುಂಬಲು ಎರಡೂ ಕಡೆ 25 ಸೇರಿಸಿ:

ಯ² + 10ಯ + 25 = 1225
(ಯ + 5)² = 35²
ಯ + 5 = 35 ಅಥವಾ ಯ + 5 = −35
ಯ = 30 ಅಥವಾ ಯ = −40

ಎರಡನ್ನೂ ಹಾಕಿ ಪರೀಕ್ಷಿಸಿ. 30 × 40 = 1200. −40 × −30 = 1200. ಸಮೀಕರಣಕ್ಕೆ ಎರಡೂ ಸರಿ. ನಿವೇಶನಕ್ಕೆ 30 ಮಾತ್ರ.

ಇದಕ್ಕೆ ವರ್ಗ ಪೂರ್ಣಗೊಳಿಸುವ ವಿಧಾನ ಎನ್ನುತ್ತಾರೆ. ಹತ್ತನೇ ತರಗತಿಯಲ್ಲಿ ಕಲಿಯುವ ದೊಡ್ಡ ಸೂತ್ರ ಈ ಕೆಲಸವನ್ನೇ ಒಂದೇ ಸಾಲಿನಲ್ಲಿ ಮಾಡುತ್ತದೆ. ಭಿನ್ನರಾಶಿಯ ಕಾಟ ಬೇಡ ಎನ್ನುವವರಿಗೆ ಶ್ರೀಧರಾಚಾರ್ಯನ ಜಾಣ ಉಪಾಯವಿದೆ: ಮೊದಲೇ ಎಲ್ಲವನ್ನೂ ಯ² ಸಹಗುಣಕದ ನಾಲ್ಕರಷ್ಟರಿಂದ ಗುಣಿಸಿ, ಆಮೇಲೆ ಯ ಸಹಗುಣಕದ ವರ್ಗ ಸೇರಿಸಿ. ಇಲ್ಲಿ 4ಯ² + 40ಯ + 100 = 4900, ಅಂದರೆ (2ಯ + 10)² = 70². ಶ್ರೀಧರನ ಬೀಜಗಣಿತದ ಗ್ರಂಥ ಈಗ ಸಿಗುವುದಿಲ್ಲ. ಭಾಸ್ಕರ ಹೆಸರು ಹೇಳಿ ಉದ್ಧರಿಸಿದ್ದರಿಂದ ಈ ನಿಯಮ ನಮಗೆ ಉಳಿದಿದೆ.

ಇನ್ನೊಂದು ಸಣ್ಣ ಸಮೀಕರಣ: ಯ² = 5ಯ. ಎರಡೂ ಕಡೆ ಯ ಹೊಡೆದುಹಾಕಿ ಯ = 5 ಎಂದು ಬರೆದು ಪೂರ್ತಿ ಅಂಕ ನಿರೀಕ್ಷಿಸುವ ವಿದ್ಯಾರ್ಥಿಗಳಿದ್ದಾರೆ. ಯ = 0 ಕೂಡ ಉತ್ತರ. ಹೊಡೆದುಹಾಕಿದ್ದು ಸೊನ್ನೆ ಇರಬಹುದಿತ್ತು, ಅದನ್ನು ನೋಡಲಿಲ್ಲ. ಫಾರ್ವರ್ಡಿನಲ್ಲಿ ಈ ತಪ್ಪಿನಿಂದ ಸುಳ್ಳು ಉತ್ತರ ಬಂತು, ಪರೀಕ್ಷೆಯಲ್ಲಿ ಇದರಿಂದ ನಿಜವಾದ ಉತ್ತರವೊಂದು ಕಾಣೆಯಾಗುತ್ತದೆ. ಎಲ್ಲವನ್ನೂ ಒಂದೇ ಕಡೆ ತಂದು ಯ(ಯ − 5) = 0 ಎಂದು ಬರೆಯಿರಿ. ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದಾದರೂ ಸೊನ್ನೆ.

‘4 = 5’ ಎಂಬ ತಮ್ಮ ಫಾರ್ವರ್ಡ್

2 = 1ರ ಗುಟ್ಟು ಗೊತ್ತಾದವರಿಗೆ ಆಮೇಲೆ ಬರುವುದು ಇದು. ಇದರಲ್ಲಿ ಸೊನ್ನೆ ಎಲ್ಲೂ ಇಲ್ಲ.

−20 = −20
16 − 36 = 25 − 45
ಎರಡೂ ಕಡೆ 81/4 ಸೇರಿಸಿ: 16 − 36 + 81/4 = 25 − 45 + 81/4
(4 − 9/2)² = (5 − 9/2)²
ವರ್ಗಮೂಲ ತೆಗೆಯಿರಿ: 4 − 9/2 = 5 − 9/2
ಆದ್ದರಿಂದ 4 = 5.

ಆವರಣದ ಒಳಗೆ ಎಷ್ಟಿದೆ ನೋಡಿ. ಎಡಕ್ಕೆ 4 − 4.5 = −0.5. ಬಲಕ್ಕೆ 5 − 4.5 = 0.5. ಎರಡರ ವರ್ಗವೂ 0.25. ವರ್ಗ ಒಂದೇ ಎಂದ ಮಾತ್ರಕ್ಕೆ ಸಂಖ್ಯೆ ಒಂದೇ ಆಗಬೇಕಿಲ್ಲ, ಒಂದರ ಋಣ ಇನ್ನೊಂದು ಆಗಿರಬಹುದು. ಯ² = 49 ಎಂದರೆ ಯ = 7 ಅಥವಾ −7 ಎಂದು ಬರೆಯಲು ಮೇಷ್ಟ್ರು ಒತ್ತಾಯಿಸುವುದು ಇದಕ್ಕೇ. ಭಾಗಾಕಾರದಲ್ಲಿ ಮುಗ್ಗರಿಸಿದ ಮಹಾವೀರಾಚಾರ್ಯ ಇಲ್ಲಿ ಸ್ಪಷ್ಟವಾಗಿದ್ದ. ಧನದ ವರ್ಗವೂ ಋಣದ ವರ್ಗವೂ ಧನವೇ, ಆ ವರ್ಗಕ್ಕೆ ಧನ, ಋಣ ಎರಡೂ ಮೂಲಗಳು ಎಂದ. ಋಣಸಂಖ್ಯೆ ತಾನೇ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದೂ ಬರೆದ. ನಾವು ದಿನಬಳಕೆಯಲ್ಲಿ ಉಪಯೋಗಿಸುವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇವತ್ತಿಗೂ ಸರಿ. ಯ² + 9 = 0 ಬಂದರೆ ಹತ್ತನೇ ತರಗತಿಯಲ್ಲಿ ಬರೆಯಬೇಕಾದ ಉತ್ತರ ‘ವಾಸ್ತವ ಮೂಲಗಳಿಲ್ಲ’. ಈ ಗ್ರಂಥವನ್ನು 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಹೊರಜಗತ್ತು ಮಹಾವೀರನನ್ನು ಓದಲು ಸಾಧ್ಯವಾಗಿದ್ದು ಹಾಗೆ.

ಎರಡು ಉತ್ತರ ಬಂದರೆ ಯಾವುದನ್ನು ಇಟ್ಟುಕೊಳ್ಳುವುದು?

ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಕೋತಿಗಳ ಎರಡು ಲೆಕ್ಕಗಳಿವೆ. ಹಂಪಿ, ಆನೆಗೊಂದಿ, ಬಳ್ಳಾರಿಯ ಬಂಡೆಬೆಟ್ಟಗಳನ್ನು ನೋಡಿದವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಮೊದಲನೆಯದರಲ್ಲಿ, ಗುಂಪಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲಿವೆ. ಒಟ್ಟು ಎಷ್ಟು? (ಯ/8)² + 12 = ಯ. 64ರಿಂದ ಗುಣಿಸಿದರೆ ಯ² + 768 = 64ಯ. ಯ² − 64ಯ = −768 ಎಂದು ಬರೆದು ಎರಡೂ ಕಡೆ 32² ಅಂದರೆ 1024 ಸೇರಿಸಿ: (ಯ − 32)² = 256. ಯ − 32 = 16 ಅಥವಾ −16. ಹಾಗಾಗಿ 48 ಅಥವಾ 16. ತಾಳೆ ನೋಡಿ. 48ರ ಎಂಟನೇ ಒಂದು 6, ವರ್ಗ 36, ಜೊತೆಗೆ 12 ಸೇರಿ 48. 16ರ ಎಂಟನೇ ಒಂದು 2, ವರ್ಗ 4, ಜೊತೆಗೆ 12 ಸೇರಿ 16. ಎರಡೂ ಸರಿ, ಭಾಸ್ಕರ ಎರಡನ್ನೂ ಒಪ್ಪುತ್ತಾನೆ. ‘ಒಂದೇ ಸರಿಯುತ್ತರ ಇರಬೇಕು’ ಎಂಬ ನಮ್ಮ ಹಟ ಇಲ್ಲಿ ನಡೆಯುವುದಿಲ್ಲ.

ಎರಡನೆಯದರಲ್ಲಿ, ಗುಂಪಿನ ಐದನೇ ಒಂದು ಭಾಗದಿಂದ 3 ಕಳೆದು, ಉಳಿದದ್ದರ ವರ್ಗದಷ್ಟು ಕೋತಿಗಳು ಗುಹೆ ಸೇರಿವೆ. ಕೊಂಬೆಯ ಮೇಲೆ ಒಂದೇ ಒಂದು ಕಾಣುತ್ತಿದೆ. (ಯ/5 − 3)² + 1 = ಯ. ಬಿಡಿಸಿದರೆ ಯ² − 55ಯ + 250 = 0, ಅಂದರೆ (ಯ − 50)(ಯ − 5) = 0. ಉತ್ತರ 50 ಅಥವಾ 5. ಇಲ್ಲಿ ಎರಡೂ ಧನಸಂಖ್ಯೆಗಳೇ, ಎರಡೂ ಸಮೀಕರಣಕ್ಕೆ ಹೊಂದುತ್ತವೆ. ಆದರೆ 5 ಎಂದರೆ ಐದನೇ ಒಂದು ಭಾಗ 1, ಅದರಿಂದ 3 ಕಳೆಯಬೇಕು, −2 ಕೋತಿ. ವರ್ಗ ಮಾಡಿದ ಮೇಲೆ ಆ ಋಣ ಚಿಹ್ನೆ ಅಳಿಸಿಹೋಗಿ ಲೆಕ್ಕ ಸರಿಹೋದಂತೆ ಕಾಣುತ್ತದೆ ಅಷ್ಟೆ. ಭಾಸ್ಕರ 5 ಅನ್ನು ಬಿಟ್ಟು 50 ಇಟ್ಟುಕೊಂಡ. ಋಣವಾದದ್ದನ್ನು ಲೋಕ ಒಪ್ಪುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ.

ಇವತ್ತು ಫೋಟೊಮ್ಯಾಥ್, ಗೂಗಲ್ ಲೆನ್ಸ್‌ನಂಥ ಆ್ಯಪ್‌ಗಳಿಗೆ ಸಮೀಕರಣದ ಫೋಟೊ ತೋರಿಸಿದರೆ ಸಾಕು, ಹಂತಹಂತವಾಗಿ ಬಿಡಿಸಿಕೊಡುತ್ತವೆ. ಮಕ್ಕಳು ಬಳಸಲಿ, ತಪ್ಪೇನಿಲ್ಲ. ತಾವು ಬಿಡಿಸಿದ್ದನ್ನು ತಾಳೆ ನೋಡಲು ಬಳಸಿದರೆ ಇನ್ನೂ ಒಳ್ಳೆಯದು. ಯ² − 55ಯ + 250 = 0 ಎಂದಷ್ಟೇ ಫೋಟೊ ಹಿಡಿದರೆ ಆ್ಯಪ್ 50, 5 ಎರಡನ್ನೂ ಬರೆದುಕೊಡುತ್ತದೆ. ಗುಹೆ, ಕೊಂಬೆ, ಕೋತಿ ಯಾವುದೂ ಆ ಫೋಟೊದಲ್ಲಿ ಇರುವುದಿಲ್ಲ. ಐದನ್ನು ಹೊಡೆದುಹಾಕುವ ಕೆಲಸ ಪ್ರಶ್ನೆ ಓದಿದವರದ್ದೇ.